ರಾಡಾರ್ ಡಿಟೆಕ್ಟರ್ ತಗೊಳ್ಳಬೇಕಾ? ಆಪ್ ಮತ್ತು ಲಿಮಿಟರ್ ಜೊತೆ ಇಟ್ಟು ನೋಡಿದಾಗ

ಗಾಡಿ ಓಡಿಸುವ ಹುಚ್ಚು ಇರುವವರು ನಾಲ್ಕು ಜನ ಸೇರಿದರೆ ಮಾತು ಟೈರ್‌ನಿಂದ ಶುರುವಾಗುತ್ತದೆ, ಬ್ರೇಕ್ ಪ್ಯಾಡ್‌ಗೆ ಹೋಗುತ್ತದೆ, ಕೊನೆಗೆ ರಾಡಾರ್ ಡಿಟೆಕ್ಟರ್‌ಗೆ, ಅಂದರೆ ವೇಗ ಅಳೆಯುವ ಪೊಲೀಸರ ರಾಡಾರ್ ಗನ್ ಮುಂದಿದ್ದರೆ ಬೀಪ್ ಮಾಡಿ ಎಚ್ಚರಿಸುವ ಸಾಧನಕ್ಕೆ, ಬಂದು ನಿಲ್ಲುತ್ತದೆ. ಒಬ್ಬರು ಅದಿಲ್ಲದೆ ಕಾರು ತೆಗೆಯುವುದೇ ಇಲ್ಲ ಅನ್ನುತ್ತಾರೆ. ಇನ್ನೊಬ್ಬರು ದುಡ್ಡು ದಂಡ ಅನ್ನುತ್ತಾರೆ. ನಾನು ಬೇರೆ ಬೇರೆ ಸಮಯದಲ್ಲಿ ನಾಲ್ಕನ್ನು ಬಳಸಿ ನೋಡಿದ್ದೇನೆ: ದಿಕ್ಕು ತೋರಿಸುವ ಬಾಣಗಳಿರುವ ದುಬಾರಿ ಡಿಟೆಕ್ಟರ್, ಅಗ್ಗದ ಡಿಟೆಕ್ಟರ್, ಮುಂದೆ ಪೊಲೀಸರಿದ್ದರೆ ಹೇಳುವ ಫೋನಿನ ಆಪ್, ನಾವು ಇಟ್ಟ ವೇಗ ಮೀರದಂತೆ ತಡೆಯುವ, ಕಾರಿನಲ್ಲೇ ಬರುವ ಸ್ಪೀಡ್ ಲಿಮಿಟರ್.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡಿಟೆಕ್ಟರ್ ಚೆನ್ನಾಗಿ ಕೆಲಸ ಮಾಡುವ ರಸ್ತೆ ಒಂದು, ನಮ್ಮಂಥವರಿಗೆ ಖುಷಿ ಕೊಡುವ ರಸ್ತೆ ಇನ್ನೊಂದು. ಈ ಎರಡೂ ಒಂದೇ ಆಗುವುದು ಅಪರೂಪ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಯಾಕೆ ಅಂತ ನೋಡೋಣ. ರಾಡಾರ್ ಗನ್ ರೇಡಿಯೋ ಅಲೆಯನ್ನು ಬಿಡುತ್ತದೆ. ಅದು ಓಡುವ ಕಾರಿಗೆ ತಾಗಿ ವಾಪಸ್ ಬರುವಾಗ ಆವರ್ತನ ತುಸು ಬದಲಾಗಿರುತ್ತದೆ. ಶಾಲೆಯಲ್ಲಿ ಡಾಪ್ಲರ್ ಪರಿಣಾಮ ಅಂತ ಓದಿದ್ದೇವಲ್ಲ, ಅದೇ. 24.150 ಗಿಗಾಹರ್ಟ್ಸ್‌ನ ಗನ್ ಕಡೆಗೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬಂದರೆ ಆ ವ್ಯತ್ಯಾಸ ಸುಮಾರು 4,500 ಹರ್ಟ್ಸ್. ಅದನ್ನು ಅಳೆದು ಗನ್ ನಮ್ಮ ವೇಗ ಹೇಳುತ್ತದೆ. ಆದರೆ ಗನ್‌ನ ಅಲೆ ಕಾರಿನವರೆಗೆ ಹೋಗಲೂಬೇಕು, ತಿರುಗಿ ಬರಲೂಬೇಕು. ಡಿಟೆಕ್ಟರ್‌ಗೆ ಒಂದು ಕಡೆಯ ಪಯಣ ಸಾಕು. ಹಾಗಾಗಿ ಗನ್‌ಗೆ ಕಾರು ಸಿಗುವುದಕ್ಕಿಂತ ಎಷ್ಟೋ ಮೊದಲೇ ಡಿಟೆಕ್ಟರ್‌ಗೆ ಗನ್ ಸಿಗುತ್ತದೆ. ಡಿಟೆಕ್ಟರ್ ವ್ಯಾಪಾರ ಪೂರ್ತಿ ನಿಂತಿರುವುದು ಈ ಅಂತರದ ಮೇಲೆ.

ಈ ಅಂತರ ಸಿಗಬೇಕಾದರೆ ನಡುವೆ ಅಡ್ಡ ಇರಬಾರದು. ಬಯಲಿನ ನೇರ ರಸ್ತೆಯಲ್ಲಿ ಅಡ್ಡ ಇರುವುದಿಲ್ಲ. ದುಬಾರಿ ಡಿಟೆಕ್ಟರ್ ಅಲ್ಲಿ ಒಂದೆರಡು ಕಿಲೋಮೀಟರ್ ಮುಂಚೆಯೇ ಮೆಲ್ಲಗೆ ಬೀಪ್ ಶುರುಮಾಡುತ್ತದೆ. ಹತ್ತಿರ ಹೋದ ಹಾಗೆ ಬೀಪ್ ದಟ್ಟವಾಗುತ್ತದೆ. ಗಾಬರಿಯಿಲ್ಲದೆ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಸಾಕು, ಬ್ರೇಕ್ ಮುಟ್ಟುವ ಅಗತ್ಯವೂ ಬರುವುದಿಲ್ಲ. ಇಂಥ ಕಡೆ ಅದು ನಿಜಕ್ಕೂ ಒಳ್ಳೆಯ ಯಂತ್ರ. ಮೆಚ್ಚಲೇಬೇಕು.

ಈಗ ಬೆಟ್ಟದ ಅಂಚಿನ ರಸ್ತೆಗೆ ಬನ್ನಿ. ತಿರುವು, ಏರು, ಇಳಿಜಾರು, ಮರ, ಬಂಡೆ. ಗೇರ್ ಬದಲಿಸುವುದರಲ್ಲೇ ಸುಖ ಸಿಗುವ ರಸ್ತೆ. ಇಲ್ಲಿ ಮೈಕ್ರೋವೇವ್ ಅಲೆ ಬಂಡೆ ದಾಟಿ ಬರುವುದಿಲ್ಲ. ಎಲ್ಲೋ ಪ್ರತಿಫಲಿಸಿ ಚೂರುಪಾರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತಿರುವು ದಾಟಿದ ಕೂಡಲೇ ಡಿಟೆಕ್ಟರ್ ಒಮ್ಮೆಲೇ ಜೋರಾಗಿ ಕೂಗುತ್ತದೆ. ಆ ಹೊತ್ತಿಗೆ ಗನ್ ನಮ್ಮನ್ನು ನೋಡಿಯಾಗಿರುತ್ತದೆ. ಇನ್ನೂ ಕೆಟ್ಟದ್ದು ಅಂದರೆ, ತಿರುವಿನ ನಡುವೆ ಬೆಚ್ಚಿಬಿದ್ದು ಬ್ರೇಕ್ ಒತ್ತಬೇಕು ಅನ್ನಿಸುತ್ತದೆ. ಗಾಡಿ ಬಾಗಿ ನಿಂತಿರುವಾಗ ಅದು ಮಾಡಬಾರದ ಕೆಲಸ ಅಂತ ನಮಗೆಲ್ಲ ಗೊತ್ತು. ಆ ರಸ್ತೆಗಳಲ್ಲಿ ನಾನು ಡಿಟೆಕ್ಟರ್‌ನ ಸ್ವಿಚ್ ಆರಿಸಿಯೇ ಓಡಿಸುತ್ತಿದ್ದೆ. ಕಿವಿಗೆ ಎಂಜಿನ್ ಸದ್ದು, ಕೈಗೆ ಸ್ಟೀರಿಂಗ್ ಭಾರ, ಅಷ್ಟು ಸಾಕು.

ಬಾಣದ ವಿಷಯ ಸ್ವಲ್ಪ ಹೇಳಬೇಕು. ದುಬಾರಿ ಡಿಟೆಕ್ಟರ್‌ಗೆ ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ, ಮತ್ತು ಅದು ಸರಿಯೇ. 1978ರಲ್ಲಿ ಸಿನ್ಸಿನಾಟಿ ಮೈಕ್ರೋವೇವ್ ಕಂಪನಿ ಎಸ್ಕಾರ್ಟ್ ಅನ್ನುವ ಡಿಟೆಕ್ಟರ್ ತಂದಾಗ ಈ ಸಾಧನಗಳ ಸೂಕ್ಷ್ಮತೆ ಒಂದೇ ನೆಗೆತದಲ್ಲಿ ಮೇಲೇರಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಮೈಕ್ ವ್ಯಾಲೆಂಟೈನ್ ಮುಂದೆ ತಮ್ಮದೇ ಕಂಪನಿ ಮಾಡಿ 1992ರಲ್ಲಿ ವ್ಯಾಲೆಂಟೈನ್ ಒನ್ ತಂದರು. ಒಂದು ಆಂಟೆನಾ ಮುಂದಕ್ಕೆ, ಒಂದು ಹಿಂದಕ್ಕೆ. ಸಿಗ್ನಲ್ ಮುಂದಿದೆಯಾ, ಪಕ್ಕದಲ್ಲಿದೆಯಾ, ಹಿಂದಿದೆಯಾ ಅಂತ ಬಾಣ ತೋರಿಸುತ್ತದೆ. ಕೇಳಲು ಸಣ್ಣ ವಿಷಯ. ಆದರೆ ಬಳಸಿದಾಗ ತಿಳಿಯುತ್ತದೆ. ಬಾಣ ಮುಂದಿನಿಂದ ಪಕ್ಕಕ್ಕೆ, ಪಕ್ಕದಿಂದ ಹಿಂದಕ್ಕೆ ಸರಿದರೆ ಅಪಾಯದ ಜಾಗ ದಾಟಿತು ಅಂತ ಅರ್ಥ. ಬಾಣ ಇಲ್ಲದ ಸಾಧನದಲ್ಲಿ ಬೀಪ್ ನಿಲ್ಲುವವರೆಗೂ ಸುಮ್ನೆ ಊಹೆ ಮಾಡುತ್ತಾ ಕೂರಬೇಕು.

ಅಗ್ಗದ ಡಿಟೆಕ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೇಡ. ಅದು ಎಲ್ಲದಕ್ಕೂ ಕೂಗುತ್ತದೆ. ಅಂಗಡಿಗಳ ತಾನಾಗಿ ತೆರೆಯುವ ಬಾಗಿಲುಗಳ ಸೆನ್ಸರ್‌ಗಳು ರಾಡಾರ್ ಗನ್‌ಗಳ ಎಕ್ಸ್ ಮತ್ತು ಕೆ ಬ್ಯಾಂಡಿನಲ್ಲೇ ಇರುತ್ತವೆ, ಅಂದರೆ 10.525 ಮತ್ತು 24.150 ಗಿಗಾಹರ್ಟ್ಸ್ ಆಸುಪಾಸು. ಪಕ್ಕದ ಕಾರಿನ ಬ್ಲೈಂಡ್ ಸ್ಪಾಟ್ ಸೆನ್ಸರ್ (ಕನ್ನಡಿಯಲ್ಲಿ ಕಾಣದ ಜಾಗದ ಗಾಡಿಯನ್ನು ಹಿಡಿಯುವುದು) ಕೂಡ ಅನೇಕ ಮಾಡೆಲ್‌ಗಳಲ್ಲಿ 24 ಗಿಗಾಹರ್ಟ್ಸ್‌ನದೇ. ಪೇಟೆ ದಾಟುವಷ್ಟರಲ್ಲಿ ತಲೆ ಚಿಟ್ಟು ಹಿಡಿಯುತ್ತದೆ. ಕೊನೆಗೆ ನಾವು ಅದರ ಕೂಗನ್ನು ಕೇಳುವುದೇ ಬಿಡುತ್ತೇವೆ. ತೋಳ ಬಂತು ತೋಳ ಅಂದ ಹುಡುಗನ ಹಾಗೆ, ನಿಜವಾದ ಗನ್ ಬಂದ ದಿನವೂ ಅದರ ಮಾತಿಗೆ ಬೆಲೆ ಇರುವುದಿಲ್ಲ. ಸಾಲದ್ದಕ್ಕೆ ಇಂಥ ಕೆಲವು ಸಾಧನಗಳು ತಾವೇ ಒಳಗಿನಿಂದ ಅಲೆ ಸೋರಿಸಿ ಪಕ್ಕದ ಕಾರಿನ ಡಿಟೆಕ್ಟರ್ ಅನ್ನೂ ಕೂಗಿಸುತ್ತವೆ.

ದುಬಾರಿ ಸಾಧನಕ್ಕೂ ಈ ಕಾಟ ತಪ್ಪಿದ್ದಲ್ಲ. ಆದರೆ ಅದರಲ್ಲಿ ಫಿಲ್ಟರ್ ಚೆನ್ನಾಗಿರುತ್ತದೆ. ಜಿಪಿಎಸ್ ಇರುವ ಮಾಡೆಲ್ ಆದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ಸಿಗ್ನಲ್ ಅನ್ನು ಬಾಗಿಲಿನದು ಅಂತ ನೆನಪಿಟ್ಟು ಸುಮ್ಮನಾಗುತ್ತದೆ. ದಿನಾ ಓಡಾಡುವ ದಾರಿ ಕಲಿಯಲು ಅದಕ್ಕೆ ಸ್ವಲ್ಪ ಕಾಲ ಬೇಕು. ಅಲ್ಲಿಯವರೆಗೆ ತಾಳ್ಮೆ ನಮ್ಮದು. ಹೊಸ ಕಾರುಗಳ ಸೆನ್ಸರ್‌ಗಳು 76ರಿಂದ 81 ಗಿಗಾಹರ್ಟ್ಸ್ ಕಡೆ ಹೋಗುತ್ತಿರುವುದರಿಂದ ಈ ಗದ್ದಲ ಮುಂದೆ ಕಮ್ಮಿಯಾಗಬಹುದು. ರಾಡಾರ್ ಗನ್‌ಗಳ ಇನ್ನೊಂದು ಬ್ಯಾಂಡ್ ಆದ ಕೆಎ, ಅಂದರೆ 33.4ರಿಂದ 36 ಗಿಗಾಹರ್ಟ್ಸ್‌ವರೆಗಿನದು, ಇದ್ದುದರಲ್ಲಿ ನಂಬಬಹುದಾದದ್ದು. ಅಲ್ಲಿ ಸುಳ್ಳು ಕೂಗು ಕಮ್ಮಿ. ಅದು ಕೂಗಿದರೆ ಕಾಲು ತೆಗೆಯಿರಿ.

ರೇಡಿಯೋ ಅಲೆ ಬದಲು ಬೆಳಕಿನ ಕಿರಣದಿಂದ ವೇಗ ಅಳೆಯುವ ಲೇಸರ್ ಗನ್ ಎದುರು ಮಾತ್ರ ಅಗ್ಗದ್ದು, ದುಬಾರಿಯದು ಎರಡೂ ಒಂದೇ. ರಾಡಾರ್ ಅಲೆ ದೂರ ಹೋದ ಹಾಗೆ ಅಗಲವಾಗಿ ಹರಡುತ್ತದೆ. ಹನ್ನೆರಡು ಡಿಗ್ರಿ ಹರಡಿದರೂ 300 ಮೀಟರ್ ದೂರದಲ್ಲಿ ಅದರ ಅಗಲ ಅರವತ್ತು ಮೀಟರ್ ದಾಟುತ್ತದೆ. ಮುಂದಿರುವ ಬೇರೆ ಕಾರಿಗೆ ಹಿಡಿದದ್ದೂ ನಮಗೆ ತಾಗುತ್ತದೆ. ಲೇಸರ್ ಹಾಗಲ್ಲ. ಅದೇ 300 ಮೀಟರ್‌ನಲ್ಲಿ ಅದರ ಅಗಲ ಒಂದು ಮೀಟರ್ ಅಷ್ಟೇ. ನೇರವಾಗಿ ನಂಬರ್ ಪ್ಲೇಟಿಗೋ ಹೆಡ್‌ಲೈಟಿಗೋ ಹಿಡಿಯುತ್ತಾರೆ, ಅರ್ಧ ಸೆಕೆಂಡಿನಲ್ಲಿ ಓದು ಮುಗಿಯುತ್ತದೆ. ಡಿಟೆಕ್ಟರ್‌ನ ಲೇಸರ್ ಅಲರ್ಟ್ ಅಂದರೆ ದಂಡದ ಚೀಟಿ ಬರೆಯಲು ಶುರುಮಾಡಿದ್ದಾರೆ ಅನ್ನುವ ಸುದ್ದಿ. ಪೆಟ್ಟಿಗೆಯ ಮೇಲೆ ಲೇಸರ್ ಪತ್ತೆ ಅಂತ ದಪ್ಪಕ್ಷರದಲ್ಲಿ ಬರೆದಿದ್ದರೆ ಅದಕ್ಕೋಸ್ಕರ ಜಾಸ್ತಿ ದುಡ್ಡು ಕೊಡಬೇಡಿ. ರಾಡಾರ್ ಗನ್ ಅನ್ನು ಆಫ್ ಮಾಡಿಟ್ಟುಕೊಂಡು, ಕಾರು ಹತ್ತಿರ ಬಂದಾಗ ಮಾತ್ರ ಗುಂಡಿ ಒತ್ತುವ ಪೊಲೀಸರ ಎದುರೂ ಇದೇ ಕಥೆ. ಮುಂದೆ ಬೇರೆ ಕಾರು ಇದ್ದು ಅದಕ್ಕೆ ಹಿಡಿದಿದ್ದರೆ ನಾವು ಬಚಾವ್. ಖಾಲಿ ರಸ್ತೆಯಲ್ಲಿ ಮೊದಲ ಕಾರು ನಮ್ಮದೇ ಆಗಿದ್ದರೆ ಇಲ್ಲ.

ಇನ್ನು ಫೋನಿನ ಆಪ್. ವೇಜ್ ಇವುಗಳಲ್ಲಿ ಹೆಸರು ಮಾಡಿದ್ದು, 2013ರಲ್ಲಿ ಅದನ್ನು ಗೂಗಲ್ ಕೊಂಡುಕೊಂಡಿತು. ಇಂಥ ಆಪ್‌ಗಳ ರೀತಿಯೇ ಬೇರೆ. ಯಾವ ಅಲೆಯನ್ನೂ ಹಿಡಿಯುವುದಿಲ್ಲ. ಮುಂದೆ ಹೋದವರು ಹೇಳಿದ್ದನ್ನು ಹಿಂದೆ ಬರುವವರಿಗೆ ತಲುಪಿಸುತ್ತವೆ. ಹಾಗಾಗಿ ಪೊಲೀಸರು ಹಿಡಿದದ್ದು ರಾಡಾರೋ, ಲೇಸರೋ ಅನ್ನುವ ಭೇದವಿಲ್ಲ. ಲೇಸರ್ ವಿಷಯದಲ್ಲಿ ಡಿಟೆಕ್ಟರ್ ಸೋಲುವ ಜಾಗದಲ್ಲೇ ಆಪ್ ಗೆಲ್ಲುತ್ತದೆ. ಕಂಬಕ್ಕೆ ಹಾಕಿದ ಕ್ಯಾಮೆರಾಗಳೂ ಅದರ ನಕ್ಷೆಯಲ್ಲಿರುತ್ತವೆ. ರಸ್ತೆಯೊಳಗೆ ಹೂತ ತಂತಿ ಸುರುಳಿಯಿಂದ ವೇಗ ಅಳೆಯುವ ಕ್ಯಾಮೆರಾ ಏನನ್ನೂ ಪ್ರಸಾರ ಮಾಡುವುದಿಲ್ಲ. ಡಿಟೆಕ್ಟರ್ ಪಾಲಿಗೆ ಅದು ಇಲ್ಲವೇ ಇಲ್ಲ. ಆಪ್‌ಗೆ ಗೊತ್ತಿರುತ್ತದೆ.

ಹೆದ್ದಾರಿಯಲ್ಲಿ, ಹಗಲು ಹೊತ್ತು, ವಾಹನ ದಟ್ಟಣೆ ಇದ್ದಾಗ ಆಪ್‌ಗೆ ಸಾಟಿ ಇಲ್ಲ. ದುಬಾರಿ ಡಿಟೆಕ್ಟರ್ ಅನ್ನೂ ಆಪ್ ಅನ್ನೂ ಜೊತೆಗೇ ಇಟ್ಟು ಓಡಿಸಿದಾಗ ಹೆದ್ದಾರಿಯಲ್ಲಿ ಕೆಲಸಕ್ಕೆ ಬಂದ ಎಚ್ಚರಿಕೆ ಹೆಚ್ಚಾಗಿ ಆಪ್‌ನದೇ. ಆದರೆ ಮಧ್ಯರಾತ್ರಿ ಅಥವಾ ಜನ ಓಡಾಡದ ಕಡೆ ಅದು ಮೂಕ. ಹೇಳುವವರೇ ಇಲ್ಲದಿದ್ದರೆ ಅದೇನು ಮಾಡೀತು? ಪೊಲೀಸರು ಎದ್ದು ಹೋದ ಮೇಲೂ ಸ್ವಲ್ಪ ಹೊತ್ತು ಇದ್ದಾರೆ ಅಂತಲೇ ಹೇಳುತ್ತಿರುತ್ತದೆ, ಅದು ಬೇರೆ. ಓಡಿಸುತ್ತಾ ಪರದೆ ಒತ್ತಿ ವರದಿ ಮಾಡುವುದಂತೂ ಬೇಡವೇ ಬೇಡ. ಪಕ್ಕದಲ್ಲಿ ಕೂತವರಿಗೆ ಬಿಡಿ.

ಸರಾಸರಿ ವೇಗ ಅಳೆಯುವ ವ್ಯವಸ್ಥೆ ಈಗ ಅನೇಕ ದೇಶಗಳಲ್ಲಿದೆ. ಎರಡು ಕಡೆ ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ನಡುವಿನ ದೂರವನ್ನು ಸಮಯದಿಂದ ಭಾಗಿಸುತ್ತದೆ. ಮಿತಿ 80 ಇದ್ದು 10 ಕಿಲೋಮೀಟರ್ ಅನ್ನು ಏಳೂವರೆ ನಿಮಿಷಕ್ಕಿಂತ ಬೇಗ ದಾಟಿದರೆ ಸಿಕ್ಕಿಬಿದ್ದಂತೆ. ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ, ದಾಟಿದ ಮೇಲೆ ಮತ್ತೆ ಏರಿಸುವ ಹಳೆಯ ಆಟ ಇಲ್ಲಿ ನಡೆಯುವುದಿಲ್ಲ. ಇಲ್ಲಿಗೆ ಸರಿಯಾದ ಸಾಧನ ಸ್ಪೀಡ್ ಲಿಮಿಟರ್.

ಲಿಮಿಟರ್ ಅಂದ ಕೂಡಲೇ ನಮ್ಮವರು ಮೂಗು ಮುರಿಯುತ್ತಾರೆ. ಮುದುಕರ ಗುಂಡಿ ಅಂತ. ನನಗೆ ಇದು ಎಲ್ಲಕ್ಕಿಂತ ಹಿಡಿಸಿತು. ಮಿತಿಗೆ ತಕ್ಕಂತೆ ಇಟ್ಟುಬಿಟ್ಟರೆ ಸ್ಪೀಡೋಮೀಟರ್ ನೋಡುವ ಕೆಲಸವೇ ಇಲ್ಲ. ಕಣ್ಣು ಪೂರ್ತಿ ರಸ್ತೆಯ ಮೇಲೆ. ಕ್ರೂಸ್ ಕಂಟ್ರೋಲ್ ಹಾಗೆ ಅದು ಗಾಡಿಯನ್ನು ತಾನೇ ಓಡಿಸುವುದಿಲ್ಲ. ಆಕ್ಸಿಲರೇಟರ್ ನಮ್ಮ ಕಾಲಲ್ಲೇ ಇರುತ್ತದೆ, ಮೇಲಿನ ಗಡಿ ಮಾತ್ರ ಅದರದು. ತಿರುವಿನ ರಸ್ತೆಯಲ್ಲಂತೂ ಹೊಸ ಖುಷಿ ಸಿಕ್ಕಿತು. ಮಿತಿಯೊಳಗೇ ಇದ್ದು ಬ್ರೇಕ್ ಎಲ್ಲಿ ಬಿಡಬೇಕು, ಯಾವ ಗೇರಿನಲ್ಲಿ ಹೊರಬರಬೇಕು ಅಂತ ಯೋಚಿಸುವುದೇ ಒಂದು ಆಟವಾಯಿತು. ಮುಂದೆ ಹೋಗಬೇಕಾದಾಗ ಪೆಡಲ್ ಪೂರ್ತಿ ತುಳಿದರೆ ಹೆಚ್ಚಿನ ಕಾರುಗಳಲ್ಲಿ ಅದು ಬಿಟ್ಟುಕೊಡುತ್ತದೆ.

ಮೀರಿ ಓಡಿಸಿ ಉಳಿಸುವುದಾದರೂ ಎಷ್ಟು? ಗಂಟೆಗೆ 100ರಲ್ಲಿ 100 ಕಿಲೋಮೀಟರ್ ಹೋಗಲು ಒಂದು ಗಂಟೆ. 110ರಲ್ಲಿ ಹೋದರೆ ಐದೂವರೆ ನಿಮಿಷ ಉಳಿಯುತ್ತದೆ. 120ರಲ್ಲಿ ಹತ್ತು ನಿಮಿಷ ಉಳಿಯುತ್ತದೆ, ಆದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ 1.44 ಪಟ್ಟಾಗುತ್ತದೆ. ನೇರ ರಸ್ತೆಯಲ್ಲಿ ಸಿಗುವ ಆ ಹತ್ತು ನಿಮಿಷದಲ್ಲಿ ಚಾಲಕನ ಕೌಶಲ ಏನೂ ಇಲ್ಲ. ಬಲಗಾಲು ಒತ್ತಿದರೆ ಯಾರ ಕಾರಾದರೂ ಓಡುತ್ತದೆ. ನಿಜವಾಗಿ ವೇಗ ಬೇಕು ಅನ್ನುವವರು ದುಬಾರಿ ಡಿಟೆಕ್ಟರ್‌ನ ದುಡ್ಡನ್ನು ಟ್ರ್ಯಾಕ್ ಡೇಗೆ, ಅಂದರೆ ರೇಸ್ ಟ್ರ್ಯಾಕಿನಲ್ಲಿ ನಮ್ಮ ಕಾರು ಓಡಿಸಲು ಬಿಡುವ ದಿನಕ್ಕೆ, ಹಾಕಿ. ಅಲ್ಲಿ ರಾಡಾರ್ ಇಲ್ಲ, ಎದುರಿನಿಂದ ಲಾರಿ ಬರುವುದಿಲ್ಲ, ಪಕ್ಕದಲ್ಲಿ ಕಲಿಸುವವರು ಕೂತಿರುತ್ತಾರೆ.

ಹಾಗಾದರೆ ಡಿಟೆಕ್ಟರ್ ಯಾರಿಗೆ? ಬಯಲುಸೀಮೆಯ ಉದ್ದದ ಖಾಲಿ ರಸ್ತೆಗಳಲ್ಲಿ ರಾತ್ರಿ ಹೊತ್ತು ತುಂಬ ಓಡಾಡುವವರಿಗೆ. ಅದೂ ಅಲ್ಲಿನ ಪೊಲೀಸರು ಲೇಸರ್‌ಗಿಂತ ರಾಡಾರ್ ಜಾಸ್ತಿ ಬಳಸುತ್ತಿದ್ದರೆ ಮಾತ್ರ. ಅಂಥವರು ಬಾಣ ಇರುವುದನ್ನೇ ತಗೊಳ್ಳಿ. ಉಳಿದವರಿಗೆ ಆಪ್ ಮತ್ತು ಲಿಮಿಟರ್ ಜೋಡಿ ಸಾಕು.

ಕೊಳ್ಳುವ ಮೊದಲು ಕಾನೂನು ನೋಡಲೇಬೇಕು, ಯಾಕೆಂದರೆ ಗಡಿ ದಾಟಿದರೆ ನಿಯಮ ಬದಲಾಗುತ್ತದೆ. ಅಮೆರಿಕದಲ್ಲಿ ಸ್ವಂತ ಕಾರುಗಳಲ್ಲಿ ಡಿಟೆಕ್ಟರ್ ಹೆಚ್ಚಿನ ಕಡೆ ಸರಿ, ವರ್ಜೀನಿಯಾ ಮತ್ತು ವಾಷಿಂಗ್ಟನ್ ಡಿಸಿಯಲ್ಲಿ ಇಲ್ಲ. ಕೆನಡಾದಲ್ಲಿ ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ, ಸಸ್ಕಾಚೆವಾನ್ ಪ್ರಾಂತ್ಯಗಳು ಒಪ್ಪುತ್ತವೆ, ಉಳಿದ ಪ್ರಾಂತ್ಯಗಳಲ್ಲಿ ನಿಷೇಧ. ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಇಟ್ಟುಕೊಂಡರೂ ತಪ್ಪು. ಜರ್ಮನಿಯಲ್ಲಿ ಓಡಿಸುವವರು ಫೋನಿನ ಕ್ಯಾಮೆರಾ ಎಚ್ಚರಿಕೆಯನ್ನೂ ಬಳಸುವಂತಿಲ್ಲ. ಮರೆಯಲ್ಲಿಟ್ಟು ಬಳಸಿದರೆ ಯಾರಿಗೂ ಕಾಣುವುದಿಲ್ಲ ಅನ್ನಬಹುದು. ಆದರೆ ಆನ್ ಇದ್ದಾಗ ಡಿಟೆಕ್ಟರ್ ಒಳಗಿನ ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ) ಸಣ್ಣಗೆ ಅಲೆ ಸೋರಿಸುತ್ತದೆ, ಅದನ್ನೇ ಹಿಡಿಯುವ ಯಂತ್ರ ಪೊಲೀಸರ ಹತ್ತಿರ ಇದೆ. ಡಿಟೆಕ್ಟರ್ ಪತ್ತೆ ಹಚ್ಚುವ ಡಿಟೆಕ್ಟರ್! ಇನ್ನು ಗನ್‌ಗೆ ವೇಗ ಸಿಗದಂತೆ ತಾನೇ ಅಲೆ ಬಿಟ್ಟು ಅಡ್ಡಿಪಡಿಸುವ ರಾಡಾರ್ ಜಾಮರ್ ಅನ್ನುವುದು ಬೇರೆಯೇ ಅಪರಾಧ, ಅದರ ಹತ್ತಿರ ಹೋಗಬೇಡಿ.

ಕಾನೂನು ಒಪ್ಪುವ ಕಡೆ ಇದ್ದು ತಗೊಂಡೇ ತಗೊಳ್ಳುತ್ತೀರಿ ಅಂತಾದರೆ, ನಿಮ್ಮ ಕಾರಿನ ಮುಂದಿನ ಗಾಜು ನೋಡಿಕೊಳ್ಳಿ. ಬಿಸಿಲಿನ ಶಾಖ ತಡೆಯಲು ಲೋಹದ ತೆಳು ಲೇಪ ಇರುವ ಗಾಜುಗಳು ಬರುತ್ತವೆ. ಅವು ರಾಡಾರ್ ಅಲೆಯನ್ನೂ ತಡೆಯುತ್ತವೆ. ಹೆಚ್ಚಾಗಿ ಕನ್ನಡಿಯ ಹತ್ತಿರ ಲೇಪವಿಲ್ಲದ ಒಂದು ಚಿಕ್ಕ ಜಾಗ ಬಿಟ್ಟಿರುತ್ತಾರೆ, ಡಿಟೆಕ್ಟರ್ ಅಲ್ಲೇ ಕೂರಬೇಕು. ಆ ಜಾಗವೂ ಇಲ್ಲದ ಕಾರಾದರೆ ಎಷ್ಟು ದುಬಾರಿಯದು ತಂದರೂ ಅಷ್ಟೇ.