ಸಂಪಿನ ಮೋಟರು: ಮೂರು ಪಂಪುಗಳನ್ನು ಹಾಕಿ ನೋಡಿದ ಮೇಲೆ

ಬೆಂಗಳೂರಿನ ನಮ್ಮ ಮನೆಗೆ ಕಾವೇರಿ ನೀರು ದಿನ ಬಿಟ್ಟು ದಿನ ನಸುಕಿನಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಮೇಲಿನ ಟ್ಯಾಂಕು ಬರಿದಾಗಿರುವುದರಿಂದ ಐದು ಗಂಟೆಗೇ ಮೋಟರು ಹಾಕಬೇಕು. ಅದು ಇದ್ದದ್ದೋ ಮೆಟ್ಟಿಲ ಕೆಳಗೆ, ಮಲಗುವ ಕೋಣೆಯ ಗೋಡೆಗೆ ಒತ್ತಿಕೊಂಡು. ಹಳೆಯ ಮೋಟರಿನ ಬೇರಿಂಗು ಹೋದಾಗ, ಇನ್ನು ನಿದ್ದೆ ಕೆಡಿಸದ ಪಂಪನ್ನೇ ತರಬೇಕೆಂದು ಹೊರಟು, ಒಂದೂವರೆ ವರ್ಷದಲ್ಲಿ ಮೂರು ಬಗೆಯವನ್ನು ಬಳಸಿ ನೋಡಿದೆ. ಸಂಪಿನ ತಳದಿಂದ ತಾರಸಿಯ ಟ್ಯಾಂಕಿನ ಬಾಯಿಗೆ ಸುಮಾರು 11 ಮೀಟರ್ ಎತ್ತರ. ಟ್ಯಾಂಕು 1,000 ಲೀಟರಿನದು.

ಮೊದಲು ತಂದದ್ದು ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುವ ಅರ್ಧ ಎಚ್‌ಪಿಯ ಸೆಲ್ಫ್ ಪ್ರೈಮಿಂಗ್ ಮಾನೋಬ್ಲಾಕ್, ಅಂದರೆ ಮೋಟರೂ ಪಂಪೂ ಒಂದೇ ಆಗಿದ್ದು, ಹೊರಗಿನಿಂದಲೇ ನೀರನ್ನು ಎಳೆದುಕೊಳ್ಳುವ ಬಗೆ. ಬೆಲೆಯಲ್ಲಿ ಮೂರರಲ್ಲಿ ಇದೇ ಅಗ್ಗ. ಇದರ ಸದ್ದು ಒಂದೇ ಬಗೆಯದಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ಒಳಗಿನ ಚಕ್ರದ ಅಂಚಿನಲ್ಲಿ ಹತ್ತಾರು ಸಣ್ಣ ಹಲ್ಲುಗಳಿದ್ದು, ಅದು ಸೆಕೆಂಡಿಗೆ 47-48 ಸುತ್ತು ತಿರುಗುವುದರಿಂದ ಸಾವಿರ ಹರ್ಟ್ಸ್ ಮೀರಿದ ಕೀರಲು ದನಿ ಹೊರಡುತ್ತದೆ. ನಮ್ಮ ಕಿವಿ ಚುರುಕಾಗಿರುವುದೂ ಆ ಆಸುಪಾಸಿನಲ್ಲಿಯೇ. ಹಿಂಬದಿಯ ಫ್ಯಾನಿನ ಗಾಳಿಸದ್ದು ಬೇರೆ. ಇವೆರಡಕ್ಕಿಂತ ನಿದ್ದೆಗೆ ಕುತ್ತಾಗಿದ್ದುದು ನೆಲಕ್ಕೆ ಬಿಗಿದ ಬೋಲ್ಟುಗಳ ಮೂಲಕ ಗೋಡೆಗೆ ಹತ್ತಿ, ಮಂಚದವರೆಗೂ ಬರುತ್ತಿದ್ದ ಗುಂಯ್‌ಗುಡುವಿಕೆ. ಬೋಲ್ಟು ಬಿಚ್ಚಿಸಿ, ಕೆಳಗೆ ದಪ್ಪ ರಬ್ಬರಿನ ತುಂಡುಗಳನ್ನಿಟ್ಟು, ಮೇಲೇರುವ ಪೈಪಿಗೂ ಪಂಪಿಗೂ ನಡುವೆ ಒಂದು ಮೊಳದಷ್ಟು ಬಾಗುವ ಹೋಸ್ ಹಾಕಿಸಿದಾಗ ಗೋಡೆಯ ಕಂಪನ ಬಹುಪಾಲು ನಿಂತಿತು. ಕೀರಲು ಮಾತ್ರ ಉಳಿಯಿತು. ಅದನ್ನು ಅಡಗಿಸಲು ಪ್ಲೈವುಡ್ ಪೆಟ್ಟಿಗೆ ಮುಚ್ಚಿದ್ದು ನನ್ನ ಅವಿವೇಕ: ಗಾಳಿಯಿಂದಲೇ ತಣ್ಣಗಾಗಬೇಕಾದ ಮೋಟರು ಕಾಲು ಗಂಟೆಯಲ್ಲಿ ಮುಟ್ಟಲಾರದಷ್ಟು ಕಾದಿತ್ತು. ಟ್ಯಾಂಕು ತುಂಬಲು 33 ನಿಮಿಷ ಬೇಕಾಗುತ್ತಿತ್ತೆಂಬುದೂ ಸಣ್ಣ ಮಾತಲ್ಲ. ಸದ್ದು ಎಷ್ಟು ಜೋರು ಎನ್ನುವಷ್ಟೇ ಎಷ್ಟು ಹೊತ್ತು ಎನ್ನುವುದೂ ಮುಖ್ಯ.

ಎರಡನೆಯದು ಅಷ್ಟೇ ಎಚ್‌ಪಿಯ, ಸಂಪಿನ ನೀರಿನೊಳಗೇ ಅಡ್ಡಲಾಗಿ ಮಲಗುವ ಓಪನ್‌ವೆಲ್ ಸಬ್‌ಮರ್ಸಿಬಲ್. ಸುತ್ತಲಿನ ನೀರೇ ಇದನ್ನು ತಂಪಾಗಿಡುವುದರಿಂದ ಫ್ಯಾನಿಲ್ಲ; ನೀರಿನಲ್ಲೇ ಮುಳುಗಿರುವುದರಿಂದ ಪೈಪಿನಲ್ಲಿ ಗಾಳಿ ಸೇರಿ ನೀರು ಏರದಿರುವ, ಅಂದರೆ ಏರ್ ಹಿಡಿಯುವ ಗೋಳೂ ಇಲ್ಲ, ಎಳೆಯುವ ಪೈಪಿನ ತುದಿಯಲ್ಲಿ ನೀರು ಕೆಳಗಿಳಿಯದಂತೆ ತಡೆಯುವ ಫುಟ್ ವಾಲ್ವ್‌ನ ಕಾಟವೂ ಇಲ್ಲ. ಸಂಪಿನ ಮುಚ್ಚಳ ಹಾಕಿದ ಮೇಲೆ ಮೋಟರು ಓಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಪೈಪಿಗೆ ಕೈಯಿಟ್ಟು ನೋಡಬೇಕಾಯಿತು. ಟ್ಯಾಂಕು 17 ನಿಮಿಷದಲ್ಲಿ ತುಂಬಿತು.

ಆದರೆ ಅಂಗಡಿಯವರು ಹೇಳದ ಒಂದು ಸಂಗತಿ ಇದರಲ್ಲಿದೆ. ಪಂಪು ಯಾವಾಗಲೂ ನೀರಿನಲ್ಲಿ ಮುಳುಗಿರಬೇಕಾದ್ದರಿಂದ ತಳದಲ್ಲಿ ಸುಮಾರು ಒಂದು ಅಡಿ ನೀರನ್ನು ಬಿಟ್ಟೇ ಮೋಟರು ನಿಲ್ಲಿಸಬೇಕು. ನಮ್ಮ ಸಂಪು ಆರು ಅಡಿಗೆ ಐದು ಅಡಿ. ಅಂದರೆ ಆ ಒಂದು ಅಡಿಯಲ್ಲಿ 30 ಘನ ಅಡಿ, ಸುಮಾರು 850 ಲೀಟರ್ ನೀರು ಕೈಗೆ ಸಿಗದೆ ಉಳಿಯುತ್ತದೆ. ದಿನ ಬಿಟ್ಟು ದಿನ ನೀರು ಕಾಣುವ ಮನೆಗೆ ಇದು ಮುಕ್ಕಾಲು ಟ್ಯಾಂಕಿಗೂ ಮಿಗಿಲಾದ ನಷ್ಟ. ಅದೃಷ್ಟಕ್ಕೆ, ಸಂಪು ತೊಳೆಯುವಾಗ ಕೆಸರು ಇಳಿಯಲೆಂದು ಮೂಲೆಯಲ್ಲಿ ತೋಡಿಸಿದ್ದ ಗುಂಡಿಯೊಂದಿತ್ತು. ಪಂಪನ್ನು ಅಲ್ಲಿ ಇಟ್ಟಿಗೆಯ ಮೇಲೆ ಮಲಗಿಸಿದ್ದರಿಂದ ವ್ಯರ್ಥವಾಗುತ್ತಿದ್ದ ನೀರು ಕಾಲು ಭಾಗಕ್ಕೆ ಇಳಿಯಿತು. ಕೆಸರು ಹಿಡಿಯದಂತೆ ಸಂಪನ್ನು ಮೊದಲಿಗಿಂತ ಬೇಗ ಬೇಗ ತೊಳೆಸಬೇಕಾಗಿದೆ, ಅಷ್ಟೇ. ಕುಡಿಯುವ ನೀರಿನಲ್ಲಿ ಕರೆಂಟಿನ ಯಂತ್ರ ಮುಳುಗಿರುವುದರಿಂದ ಸರಿಯಾದ ಅರ್ತಿಂಗ್ ಮತ್ತು 30 ಮಿಲಿಆಂಪಿಯರ್ ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು (ಆರ್‌ಸಿಸಿಬಿ) ಇಲ್ಲದೆ ಇದನ್ನು ಹಾಕಿಸಲೇಬಾರದು. ಕೇಬಲ್ಲಿನ ಜಾಯಿಂಟು ಸಂಪಿನ ಹೊರಗಿರಬೇಕು. ಮೇಲೆತ್ತಲು ಕೇಬಲ್ ಹಿಡಿದು ಎಳೆಯದೆ ನೈಲಾನ್ ಹಗ್ಗ ಕಟ್ಟಿಡಬೇಕು.

ಮೂರನೆಯದನ್ನು, ವೇಗವನ್ನು ತಾನೇ ಏರಿಸಿ ಇಳಿಸಿಕೊಳ್ಳುವ ಇನ್ವರ್ಟರ್ ಪ್ರೆಶರ್ ಪಂಪನ್ನು, ಬಂಧುಗಳ ಮನೆಯಿಂದ ಎರಡು ವಾರಕ್ಕೆ ತಂದು ಹಾಕಿದ್ದೆ. ಇದು ಟ್ಯಾಂಕನ್ನು ಬಿಟ್ಟು ನೇರವಾಗಿ ನಲ್ಲಿಗಳಿಗೇ ನೀರು ಕೊಡುತ್ತದೆ. ವೇಗ ತಗ್ಗಿದಾಗ ಸದ್ದು ಗಮನಾರ್ಹವಾಗಿ ಕುಗ್ಗುತ್ತದೆ ನಿಜ. ಆದರೆ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, ವೇಗ 80 ಪ್ರತಿಶತವಾದರೆ ಒತ್ತಡ 64 ಪ್ರತಿಶತ ಮಾತ್ರ ಉಳಿಯುತ್ತದೆ. ಮೇಲಿನ ಮಹಡಿಯಲ್ಲಿ ಷವರ್ ಬಿಟ್ಟರೆ ಅದು ಮತ್ತೆ ಪೂರ್ಣ ವೇಗಕ್ಕೇ ಏರುತ್ತಿತ್ತು. ರಾತ್ರಿ ಯಾರಾದರೂ ಫ್ಲಶ್ ಮಾಡಿದರೂ ಅದು ಎದ್ದು ಕೂರುತ್ತದೆ, ಕರೆಂಟು ಹೋದರೆ ನೀರೂ ಇಲ್ಲ. ಬೆಲೆಯಂತೂ ಮೊದಲನೆಯದರ ಹಲವು ಪಟ್ಟು. ತಾರಸಿಯಲ್ಲಿ ಟ್ಯಾಂಕಿಡಲು ಜಾಗವಿಲ್ಲದ ಮನೆಗೆ ಸರಿಹೋದೀತು, ನಮಗಲ್ಲ.

ನಾವು ಉಳಿಸಿಕೊಂಡದ್ದು ಎರಡನೆಯದನ್ನು. ಸಂಪಿನ ತಳ ಸಪಾಟಾಗಿದ್ದು, ಗುಂಡಿ ತೋಡಿಸಲು ಆಗದಿದ್ದರೆ ರಬ್ಬರು ಮತ್ತು ಹೋಸ್ ಹಾಕಿದ ಮಾನೋಬ್ಲಾಕನ್ನೇ ನಾನು ಆರಿಸುತ್ತಿದ್ದೆ. ಮಲಗುವ ಕೋಣೆಯ ಗೋಡೆಯಿಂದ ದೂರ ಸರಿಸಿ. ಸಬ್‌ಮರ್ಸಿಬಲ್ ಹಾಕಿದ ಮೇಲೆಯೂ ಒಂದು ಸದ್ದು ಉಳಿದಿತ್ತು. ಮೋಟರು ನಿಲ್ಲಿಸಿದೊಡನೆ ಪೈಪಿನಲ್ಲಿದ್ದ ನೀರು ಹಿಂದಕ್ಕೆ ಜಾರಿ, ಅದನ್ನು ತಡೆಯಲೆಂದೇ ಇರುವ ಚೆಕ್ ವಾಲ್ವ್‌ಗೆ ಧಡ್ ಎಂದು ಬಡಿಯುತ್ತಿತ್ತು. ಹಳೆಯ ವಾಲ್ವ್ ತೆಗೆಸಿ, ನೀರು ಹಿಂದಿರುಗುವ ಮೊದಲೇ ಮುಚ್ಚಿಕೊಳ್ಳುವ ಸ್ಪ್ರಿಂಗಿನ ವಾಲ್ವ್ ಹಾಕಿಸಿದ ದಿನ ಅದೂ ನಿಂತಿತು.