ತಗಡಿನ ಕೂಲರ್: ಕಲಬುರಗಿ ಬಿಸಿಲಿಗೆ ಸೋಲೋದಿಲ್ಲ, ಬೋರ್ ನೀರಿಗೆ ಸೋಲುತ್ತೆ

ಕಲಬುರಗಿ, ರಾಯಚೂರು, ಯಾದಗಿರಿ ಕಡೆ ಮಲಗುವ ಕೋಣೆ ತಂಪು ಮಾಡೋಕೆ ಏಸಿಯೇ ಬೇಕು ಅನ್ನೋದನ್ನ ನಾನು ಒಪ್ಪೋದಿಲ್ಲ. ಇಲ್ಲಿನ ಬಿಸಿಲು ಒಣ ಬಿಸಿಲು. ಹೊರಗೆ 40 ಡಿಗ್ರಿ, ತೇವಾಂಶ ಶೇ. 20 ಇದ್ದಾಗ ಒಳ್ಳೆ ಪ್ಯಾಡ್ ಇರೋ ಕೂಲರ್‌ನಿಂದ ಬರೋ ಗಾಳಿ 26–27 ಡಿಗ್ರಿ ಇರುತ್ತೆ. ಅದೇ ಕೂಲರ್ ಮಂಗಳೂರಿನಲ್ಲಿ, 32 ಡಿಗ್ರಿ ಮತ್ತು ಶೇ. 75 ತೇವದಲ್ಲಿ, 29ಕ್ಕಿಂತ ಕೆಳಗೆ ಇಳಿಸೋದು ಕಷ್ಟ. ಕರಾವಳಿಯವರು ಇದಕ್ಕೆ ದುಡ್ಡು ಹಾಕಬೇಡಿ.

ನಾನು ಹೇಳ್ತಿರೋದು ಲೋಕಲ್ ಅಂಗಡಿಯಲ್ಲಿ ಮಾಡಿಕೊಡೋ ತಗಡಿನ ಕೂಲರ್ ಬಗ್ಗೆ: 18 ಇಂಚಿನ ಫ್ಯಾನ್, ಮೂರು ಕಡೆ ಹುಲ್ಲಿನ ಪ್ಯಾಡ್, ಅರವತ್ತು ಲೀಟರ್ ಹಿಡಿಯೋ ಟ್ಯಾಂಕ್, ಕೆಳಗೆ ಸಣ್ಣ ಪಂಪ್. ಫ್ಯಾನ್, ಪಂಪ್ ಸೇರಿ 200 ವ್ಯಾಟ್ ಹಿಡಿದರೂ ರಾತ್ರಿ ಎಂಟು ತಾಸಿಗೆ 1.6 ಯೂನಿಟ್, ತಿಂಗಳಿಗೆ 48. ಏಸಿ ಗಂಟೆಗೆ ಒಂದು ಯೂನಿಟ್ ಎಳೆದರೆ ಅದೊಂದೇ 240 ಆಗುತ್ತೆ. ಗೃಹಜ್ಯೋತಿ ಇರೋ ಮನೆಯವರಿಗೆ ಈ ಲೆಕ್ಕ ಮುಖ್ಯ, ಯಾಕಂದ್ರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು.

ಕೂಲರ್ ಕೆಲಸ ಮಾಡ್ತಿಲ್ಲ ಅನ್ನೋರ ಮನೆಗಳಲ್ಲಿ ಬಹುತೇಕ ತಪ್ಪು ಒಂದೇ: ಅದನ್ನ ಕೋಣೆ ಒಳಗೆ ಇಟ್ಟು ಬಾಗಿಲು ಮುಚ್ಚಿರ್ತಾರೆ. ಅರ್ಧ ತಾಸಿನಲ್ಲಿ ಅದೇ ಒದ್ದೆ ಗಾಳಿ ಸುತ್ತಿ ಸುತ್ತಿ ಹಾಸಿಗೆ ಜಿಗುಟಾಗುತ್ತೆ. ಕೂಲರ್ ಕಿಟಕಿಯ ಹೊರಗೆ ನೆರಳಿನಲ್ಲಿ, ಆಂಗಲ್ ಸ್ಟ್ಯಾಂಡ್ ಮೇಲೆ ಇರಬೇಕು. ಸುತ್ತಲಿನ ಸಂದಿಗೆ ಪ್ಲೈವುಡ್ ಅಥವಾ ಥರ್ಮೋಕೋಲ್ ಬಡಿಯಿರಿ. ಎದುರು ಗೋಡೆಯ ಕಿಟಕಿಯ ಎರಡೂ ಬಾಗಿಲು ತೆರೆದಿರಲಿ. ಅಲ್ಲಿ ಒಂದು ಕಾಗದದ ಚೂರು ಹಿಡಿದು ನೋಡಿ, ಅದು ಹೊರಕ್ಕೆ ಬಾಗಬೇಕು. ಬಾಗದಿದ್ದರೆ ಇನ್ನೊಂದು ಕಿಟಕಿ ತೆರೆಯಿರಿ. ಸ್ಟ್ಯಾಂಡಿಗೂ ತಗಡಿಗೂ ನಡುವೆ ಹಳೇ ಸೈಕಲ್ ಟ್ಯೂಬಿನ ತುಂಡು ಇಟ್ಟರೆ ನಡುರಾತ್ರಿಯ ಗಡಗಡ ಸದ್ದು ಅರ್ಧ ಇಳಿಯುತ್ತೆ.

ರಾತ್ರಿಯ ಕ್ರಮ ನನಗೆ ಬಹಳ ಇಷ್ಟ. ಮಲಗೋಕೆ ಹತ್ತು ನಿಮಿಷ ಮುಂಚೆ ಪಂಪ್ ಮಾತ್ರ ಹಾಕೋದು. ಪಂಪ್ ಎತ್ತಿದ ನೀರು ಪ್ಯಾಡಿನ ಮೇಲಿನ ತೂತಿನ ಕಾಲುವೆಯಿಂದ ಸಣ್ಣಗೆ ಇಳಿದು ಹುಲ್ಲು ಬಣ್ಣ ತಿರುಗುತ್ತೆ, ಹಗಲಿನ ಧೂಳು ಕೆಳಗೆ ತೊಳೆದುಹೋಗುತ್ತೆ. ಆಮೇಲೆ ಫ್ಯಾನ್ ಹಾಕಿದರೆ ಮೊದಲ ಗಾಳಿಯೇ ತಂಪು. ಒಂದು ಪ್ಯಾಡಿನಲ್ಲಿ ಹುಲ್ಲಿನ ನಡುವೆ ಒಂದು ಹಿಡಿ ಲಾವಂಚದ ಬೇರು ಸೇರಿಸಿ ಹೊಲಿದುಬಿಟ್ಟರೆ ಕೋಣೆಯೆಲ್ಲ ಮೊದಲ ಮಳೆಯ ಮಣ್ಣಿನ ವಾಸನೆ. ಈ ಸುಖ ಯಾವ ಏಸಿಯಲ್ಲೂ ಸಿಗೋದಿಲ್ಲ. ನಸುಕಿನ ಮೂರರ ಹೊತ್ತಿಗೆ ಹೊರಗಿನ ಗಾಳಿಯೇ ತಣ್ಣಗಾಗಿರುತ್ತೆ, ಆಗ ಪಂಪ್ ನಿಲ್ಲಿಸಿ ಫ್ಯಾನ್ ಮಾತ್ರ ಬಿಡಿ. ಪಂಪಿಗೆ ಪ್ರತ್ಯೇಕ ಪ್ಲಗ್ ಮಾಡಿಸಿ ಟೈಮರ್ ಹಾಕಿದರೆ ಎದ್ದೇಳೋದೂ ಬೇಡ. ಅಷ್ಟರಲ್ಲಿ ಪ್ಯಾಡೂ ಒಣಗಿ ಬೆಳಗ್ಗೆ ಕಮಟು ವಾಸನೆ ಬರೋದಿಲ್ಲ.

ಆದರೆ ಉಪ್ಪು. ಈ ಕೂಲರಿನ ಆಯುಷ್ಯ ತಿನ್ನೋದು ಇದೊಂದೇ, ಮಾರುವವರು ಇದನ್ನ ಬಾಯಿ ಬಿಟ್ಟು ಹೇಳೋದಿಲ್ಲ. ಬೋರ್ ನೀರಿನ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 1000 ಇದೆ ಅಂದ್ರೆ ಲೀಟರಿಗೆ ಒಂದು ಗ್ರಾಂ ಉಪ್ಪು. ನೀರು ಆವಿಯಾಗುತ್ತೆ, ಉಪ್ಪು ಆವಿಯಾಗೋದಿಲ್ಲ. ರಾತ್ರಿಗೆ ಅರವತ್ತು ಲೀಟರ್ ಖರ್ಚಾದರೆ ಅರವತ್ತು ಗ್ರಾಂ ಉಪ್ಪು ಪ್ಯಾಡಿನಲ್ಲೋ ಟ್ಯಾಂಕಿನಲ್ಲೋ ಉಳಿಯಿತು. ವಾರಕ್ಕೆ ನಾನೂರು ಗ್ರಾಂ ದಾಟುತ್ತೆ! ಹಳೇ ನೀರಿನ ಮೇಲೆ ಹೊಸ ನೀರು ತುಂಬುತ್ತಾ ಹೋದರೆ ಟ್ಯಾಂಕಿನ ನೀರು ದಿನದಿನಕ್ಕೂ ಗಡುಸಾಗುತ್ತೆ. ಮೊದಲು ಕಟ್ಟಿಕೊಳ್ಳೋದು ಮೇಲಿನ ಕಾಲುವೆಯ ತೂತುಗಳು. ಒಂದು ತೂತು ಮುಚ್ಚಿದರೆ ಅದರ ಕೆಳಗೆ ಪ್ಯಾಡಿನುದ್ದಕ್ಕೂ ಒಣ ಪಟ್ಟಿ ಬೀಳುತ್ತೆ, ಬಿಸಿ ಗಾಳಿ ಅಲ್ಲಿಂದಲೇ ನುಗ್ಗುತ್ತೆ. ರಾತ್ರಿ ಹೊರಗಿನಿಂದ ಟಾರ್ಚ್ ಬಿಟ್ಟರೆ ಬೆಳ್ಳಗೆ ಕಾಣೋ ಪಟ್ಟಿ ಅದೇ. ಕಸಬರಿಗೆ ಕಡ್ಡಿಯಿಂದ ತೂತು ಬಿಡಿಸಿ.

ಆಮೇಲೆ ಪಂಪ್. ಉಪ್ಪು ಮತ್ತು ಹುಲ್ಲಿನ ಚೂರು ಸೇರಿ ಒಳಗಿನ ಚಕ್ರ ಬಿಗಿಯುತ್ತೆ, ಮೋಟಾರ್ ಗುಂಯ್ ಅಂತ ಬಿಸಿಯಾಗಿ ಸುಟ್ಟುಹೋಗುತ್ತೆ. ಪಂಪನ್ನ ಟ್ಯಾಂಕಿನ ತಳಕ್ಕೆ ನೇರ ಇಡಬೇಡಿ, ಫರಸಿ ಚೂರೊಂದರ ಮೇಲಿಡಿ. ಸುತ್ತ ನೈಲಾನ್ ಜಾಳಿಗೆ ಕಟ್ಟಿ. ಹದಿನೈದು ದಿನಕ್ಕೊಮ್ಮೆ ಪ್ಲಗ್ ಕಿತ್ತು, ಬಿಚ್ಚಿ, ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಚಕ್ರ ಮತ್ತು ಅದರ ಮುಚ್ಚಳವನ್ನ ಅರ್ಧ ತಾಸು ನೆನೆಸಿ, ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಉಜ್ಜಿ. ಬೆಳಗ್ಗೆ ಟ್ಯಾಂಕಿನಲ್ಲಿ ಉಳಿದ ನೀರನ್ನ ದಿನವೂ ಹೊರಗೆ ಬಿಡಿ. ಗಿಡಕ್ಕೆ ಹಾಕಬೇಡಿ, ಬೇರು ಸುಡುತ್ತೆ. ಪಾಯಖಾನೆಗೆ, ಅಂಗಳ ತೊಳೆಯೋಕೆ ಸಾಕು. ನಳದ ನೀರು ಸಿಗೋ ದಿನ ಕೂಲರಿಗೆ ಅದನ್ನೇ ತೆಗೆದಿಡಿ. ಇಷ್ಟು ಮಾಡಿದರೂ ಹುಲ್ಲಿನ ಪ್ಯಾಡ್ ಒಂದು ಬೇಸಿಗೆಗೆ ಸರಿ, ಮುಂದಿನ ವರ್ಷಕ್ಕೆ ಹೊಸ ಸೆಟ್ ಬೇಕೇ ಬೇಕು. ಜೇನುಗೂಡಿನಂಥ ಪ್ಯಾಡ್ ಹೆಚ್ಚು ವರ್ಷ ಬರುತ್ತೆ ನಿಜ, ಆದರೆ ಗಡಸು ನೀರಿಗೆ ಅದರ ತೂತುಗಳೂ ಕಲ್ಲಾಗುತ್ತವೆ, ಬದಲಿಸೋ ಖರ್ಚೂ ಜಾಸ್ತಿ. ನೀರು ಗಡುಸಿದ್ದರೆ ಹುಲ್ಲೇ ಲೇಸು.

ಎರಡು ವಿಷಯದಲ್ಲಿ ಯಾರೂ ಸಡಿಲ ಬಿಡಬಾರದು. ತಗಡಿನ ಮೈ, ಒಳಗೆ ನೀರು, ನೀರಿನೊಳಗೆ ಪಂಪ್: ಮೂರು ಪಿನ್ನಿನ ಪ್ಲಗ್, ನಿಜವಾಗಿ ಕೆಲಸ ಮಾಡೋ ಅರ್ಥಿಂಗ್, ಆ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯೋ ಸ್ವಿಚ್) ಇಲ್ಲದೆ ಹಾಕಲೇಬೇಡಿ. ಮಕ್ಕಳು ಒದ್ದೆ ಕೈಯಲ್ಲಿ ಮುಟ್ಟೋ ವಸ್ತು ಇದು. ನೀರು ತುಂಬುವಾಗ ಪ್ಲಗ್ ಕಿತ್ತಿರಬೇಕು, ಸ್ವಿಚ್ ಆರಿಸಿದರೆ ಸಾಲದು. ಇನ್ನೊಂದು ಡೆಂಗಿ ಸೊಳ್ಳೆ. ಅದರ ಮೊಟ್ಟೆ ನೀರಿನ ಅಂಚಿನ ಗೋಡೆಗೆ ಅಂಟಿರುತ್ತೆ, ನೀರು ಚೆಲ್ಲಿದ ಮಾತ್ರಕ್ಕೆ ಹೋಗೋದಿಲ್ಲ. ವಾರಕ್ಕೊಮ್ಮೆ ಟ್ಯಾಂಕ್ ಒಳಗೋಡೆಯನ್ನ ಬ್ರಷ್ ಹಾಕಿ ತಿಕ್ಕಿ ಒಣಗಿಸಿ.

ಮಾಳಿಗೆ ಕಾದ ಮನೆಗೆ ಕೂಲರ್ ಒಂದೇ ಸಾಲದು. ಮಾರ್ಚಿನಲ್ಲೇ ಮೇಲೆ ಬಿಳಿ ಸುಣ್ಣ ಎರಡು ಕೈ ಬಳಿಸಿ.

ಜೂನ್ ನಡುವಿಗೆ ಗಾಳಿಯಲ್ಲಿ ತೇವ ಏರಿದ ಮೇಲೆ ಕೂಲರಿನಿಂದ ಬರೋದು ಬರೀ ಸೆಕೆ. ಆಗ ಕಡಿಮೆ ಕರೆಂಟ್ ಎಳೆಯೋ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನೇ ಸಾಕು. ಕೂಲರ್ ಎತ್ತಿಡುವ ಮುಂಚೆ ಹುಲ್ಲು ಕಿತ್ತೆಸೆಯಿರಿ, ಪಂಪ್ ತೊಳೆದು ಒಣಗಿಸಿ ಬೇರೆ ಇಡಿ, ಫ್ಯಾನಿನ ಬುಷ್‌ಗೆ ಎರಡು ಹನಿ ಎಣ್ಣೆ ಬಿಡಿ. ತುಕ್ಕು ಶುರುವಾಗೋದು ಟ್ಯಾಂಕಿನ ತಳದ ಮೂಲೆಯ ಬೆಸುಗೆಯಲ್ಲಿ. ಅಲ್ಲಿ ಮರಳು ಕಾಗದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಡಾಂಬರು ಪೇಂಟ್ ಎರಡು ಕೋಟ್ ಹೊಡೆಯಿರಿ, ಮೊದಲ ಕೋಟ್ ಒಣಗೋಕೆ ಒಂದು ದಿನ ಬಿಟ್ಟು.