ವಾಂತಿ-ಭೇದಿ ಜೊತೆ ಫಿಟ್ಸ್ ಬಂದ ಮಗು, ಮಕ್ಕಳ ನರರೋಗ ವಿಭಾಗದಲ್ಲಿ ಮೂರು ವರ್ಷ

ಈ ರಿವ್ಯೂ ಮೂರು ವರ್ಷ ತಡವಾಗಿ ಬರೆಯುತ್ತಿದ್ದೇನೆ. ಬೇಕು ಅಂತಲೇ ತಡ ಮಾಡಿದೆ. ನನಗಿದ್ದದ್ದು ಒಂದೇ ಪ್ರಶ್ನೆ, ಮಗು ಮುಂದೆ ಹೇಗಿರುತ್ತಾಳೆ ಅಂತ. ಅದಕ್ಕೆ ಇಲ್ಲಿ ಕೊಟ್ಟ ಉತ್ತರ ಸರಿಯೋ ತಪ್ಪೋ ಅನ್ನೋದು ಒಂದು ವಾರದಲ್ಲಿ ಗೊತ್ತಾಗುವಂಥದ್ದಲ್ಲ.

ಮಗಳಿಗೆ ಆಗ ಒಂದೂವರೆ ವರ್ಷ. ಎರಡು ದಿನದಿಂದ ವಾಂತಿ, ನೀರು ನೀರಾಗಿ ಭೇದಿ. ಜ್ವರ ಇರಲಿಲ್ಲ, ಓಆರ್‌ಎಸ್ ಕುಡಿಯುತ್ತಿದ್ದಳು, ಡೈಪರ್ ಒದ್ದೆಯಾಗುತ್ತಿತ್ತು, ಹಾಗಾಗಿ ನಾವೂ ಧೈರ್ಯವಾಗೇ ಇದ್ದೆವು. ಮೂರನೇ ದಿನ ಬೆಳಿಗ್ಗೆ ನನ್ನ ತೊಡೆ ಮೇಲೆ ಕೂತಿದ್ದವಳು ಇದ್ದಕ್ಕಿದ್ದ ಹಾಗೆ ಸೆಟೆದುಕೊಂಡಳು. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು, ತುಟಿ ನೀಲಿಯಾಯಿತು, ಮುಷ್ಟಿಯಲ್ಲಿದ್ದ ಪ್ಲಾಸ್ಟಿಕ್ ಚಮಚ ಕುರ್ಚಿಯ ಕೈಗೆ ಟಕಟಕ ಬಡಿಯುತ್ತಲೇ ಇತ್ತು. ಒಂದೂವರೆ ನಿಮಿಷ. ಆ ಸದ್ದು ಈಗಲೂ ಕಿವಿಯಲ್ಲಿದೆ. ಆಮೇಲೆ ಅತ್ತಳು, ನನ್ನನ್ನು ಗುರುತು ಹಿಡಿದಳು, ನಿದ್ದೆ ಮಾಡಿದಳು. ಮಧ್ಯಾಹ್ನದೊಳಗೆ ಇನ್ನೂ ಎರಡು ಸಲ ಹಾಗೇ ಆಯಿತು.

ಮೊದಲು ಓಡಿದ್ದು ಬೇರೆ ಕಡೆಗೆ, ಹೆಸರು ಬೇಡ. ಅಲ್ಲಿ ಐದು ನಿಮಿಷ ನೋಡಿ, ಫಿಟ್ಸ್ ಕಾಯಿಲೆ, ಈ ಸಿರಪ್ ಎರಡು ವರ್ಷ ತಪ್ಪಿಸಬೇಡಿ ಅಂದರು. ಯಾಕೆ ಬಂತು, ಮತ್ತೆ ಬರುತ್ತಾ, ಬುದ್ಧಿಗೆ ತೊಂದರೆ ಆಗುತ್ತಾ, ಯಾವುದಕ್ಕೂ ಉತ್ತರ ಇಲ್ಲ. ಆ ಚೀಟಿ ಹಿಡಿದುಕೊಂಡೇ ಇಲ್ಲಿಗೆ ಬಂದೆವು.

ಇಲ್ಲಿಯ ಡಾಕ್ಟರ್ ಮೇಡಂ ಚೀಟಿ ಪಕ್ಕಕ್ಕಿಟ್ಟು ಕೇಳುತ್ತಾ ಹೋದರು. ಭೇದಿ ಶುರುವಾಗಿ ಎಷ್ಟು ದಿನ? ಭೇದಿಯಲ್ಲಿ ರಕ್ತ ಇತ್ತಾ? ಒಂದೊಂದು ಸಲ ಎಷ್ಟು ಹೊತ್ತು? ನಡುವೆ ಮಗು ಮಾಮೂಲಾಗಿ ಇದ್ದಳಾ? ನನ್ನ ಗಂಡ ಮೂರನೇ ಸಲದ್ದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿದ್ದರು, ಅದನ್ನು ಎರಡು ಸಲ ನೋಡಿದರು. ರಕ್ತದಲ್ಲಿ ಸಕ್ಕರೆ, ಸೋಡಿಯಂ, ಕ್ಯಾಲ್ಸಿಯಂ ನೋಡಿಸಿದರು, ಇವು ಕಡಿಮೆಯಾದರೂ ಫಿಟ್ಸ್ ಬರುತ್ತದೆ, ಆಗ ಚಿಕಿತ್ಸೆಯೇ ಬೇರೆ. ಎಲ್ಲಾ ಸರಿಯಾಗಿತ್ತು. ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆಯೂ ನಾರ್ಮಲ್ ಬಂತು.

ಆಮೇಲೆ ಕೂರಿಸಿಕೊಂಡು ಹೇಳಿದರು. ನಾನು ಸ್ಟಾರ್ ಕೊಡುತ್ತಿರುವುದು ಈ ಅರ್ಧ ಗಂಟೆಗೆ. ಆರು ತಿಂಗಳಿಂದ ಮೂರು ವರ್ಷದ, ಅಲ್ಲಿವರೆಗೆ ಆರೋಗ್ಯವಾಗಿದ್ದ ಮಕ್ಕಳಲ್ಲಿ, ರೋಟಾ ಅಥವಾ ನೋರೋ ವೈರಸ್‌ನ ಸಾಧಾರಣ ವಾಂತಿ-ಭೇದಿ ಜೊತೆಗೆ, ಜ್ವರ ಇಲ್ಲದೆಯೂ ಹೀಗೆ ಬರುವುದುಂಟಂತೆ. ಒಂದೇ ದಿನದಲ್ಲಿ ಎರಡು ಮೂರು ಸಲ ಬಂದು ನಿಂತು ಹೋಗುವುದೇ ಇದರ ಗುಣ. ಜಪಾನಿನ ಮೊರೂಕಾ ಅನ್ನೋ ವೈದ್ಯರು 1982ರಲ್ಲೇ ಇದನ್ನು ಗುರುತಿಸಿ ಬರೆದಿದ್ದರಂತೆ. ಅಂದರೆ ಗೊತ್ತಿಲ್ಲದ ಕಾಯಿಲೆ ಏನಲ್ಲ, ಅಲ್ವಾ? ಅವತ್ತು ಫಿಟ್ಸ್ ತಡೆಯುವ ಕಾರ್ಬಮಜೆಪೀನ್ ಅನ್ನೋ ಔಷಧಿ ಸಣ್ಣ ಡೋಸ್ ಕೊಟ್ಟರು, ಭೇದಿ ನಿಲ್ಲುವವರೆಗೆ ಮಾತ್ರ. ಎರಡು ವರ್ಷದ ಸಿರಪ್ ಬೇಡ ಅಂದರು.

ಮುಂದೇನು ಅಂತ ಕೇಳಿದ್ದಕ್ಕೆ ಸುಮ್ನೆ ಸಮಾಧಾನದ ಮಾತು ಹೇಳಲಿಲ್ಲ. ಹೆಚ್ಚಿನ ಮಕ್ಕಳಿಗೆ ಇದು ಮತ್ತೆ ಬರುವುದೇ ಇಲ್ಲ, ಕೆಲವರಿಗೆ ಮುಂದಿನ ವಾಂತಿ-ಭೇದಿಯಲ್ಲಿ ಇನ್ನೊಂದು ಸಲ ಬರಬಹುದು, ಮೂರ್ಛೆರೋಗಕ್ಕೆ ತಿರುಗುವುದು ತುಂಬಾ ಅಪರೂಪ, ಮಾತು, ನಡಿಗೆ, ಕಲಿಕೆ ಎಲ್ಲಾ ಬೇರೆ ಮಕ್ಕಳ ಹಾಗೇ ಅಂದರು. ಹಾಗಂತ ಎಲ್ಲಾ ಫಿಟ್ಸೂ ಇದೇ ಅಂದುಕೊಳ್ಳಬೇಡಿ ಅಂತಲೂ ಎಚ್ಚರಿಸಿದರು. ಐದು ನಿಮಿಷ ದಾಟಿದರೆ, ಆಮೇಲೂ ಮಗು ಮಂಕಾಗೇ ಇದ್ದರೆ, ಒಂದು ಕಡೆಯ ಕೈಕಾಲು ಸೋತರೆ, ಜ್ವರ ಜಾಸ್ತಿ ಇದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಕಾಯದೆ ಎಮರ್ಜೆನ್ಸಿಗೆ ಬರಬೇಕು. ಫಿಟ್ಸ್ ಬಂದಾಗ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ ಅಂತ ನರ್ಸ್ ಒಂದು ಗೊಂಬೆ ಇಟ್ಟುಕೊಂಡು ಮಾಡಿ ತೋರಿಸಿದರು, ನಮ್ಮ ಕೈಯಲ್ಲೂ ಮಾಡಿಸಿದರು.

ಎರಡೂವರೆ ವರ್ಷಕ್ಕೆ ಮತ್ತೆ ವಾಂತಿ-ಭೇದಿ ಹಿಡಿಯಿತು. ನಾಲ್ಕು ರಾತ್ರಿ ಅವಳ ಪಕ್ಕದಲ್ಲಿ ಕೂತೇ ಇದ್ದೆ. ಏನೂ ಆಗಲಿಲ್ಲ. ಇವತ್ತಿಗೂ ಆಗಿಲ್ಲ. ವರ್ಷಕ್ಕೊಂದು ಸಲ ಕರೆಸಿ ಮಾತಾಡಿಸುತ್ತಾರೆ, ಬ್ಲಾಕ್ ಜೋಡಿಸಲು ಕೊಡುತ್ತಾರೆ, ಓಡಿಸಿ ನೋಡುತ್ತಾರೆ. ಹೋದ ತಿಂಗಳು ನನ್ನ ಮಗಳೇ ಮೇಡಂಗೆ ಉದ್ದದ ಕಥೆ ಹೇಳಿದಳು, ಅವರು ಪೂರ್ತಿ ಕೇಳಿ ಆಮೇಲೆ ಫೈಲ್ ಮುಚ್ಚಿದರು. ಇನ್ನು ಬರಬೇಕಾಗಿಲ್ಲ ಅಂದರು.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಕಾಯಿಸುವುದಕ್ಕಲ್ಲ, ಕಾಯುವುದು ಎಲ್ಲಾ ಕಡೆ ಇದ್ದದ್ದೇ. ಡಿಸ್ಚಾರ್ಜ್ ಸಮ್ಮರಿಗೆ. ಬಾಯಲ್ಲಿ ಅಷ್ಟು ಬಿಡಿಸಿ ಹೇಳಿದವರು ಕಾಗದದಲ್ಲಿ ಬರೀ ಫಿಟ್ಸ್ ಅಂತ ಬರೆದಿದ್ದರು. ಅದನ್ನು ನೋಡಿ ಪ್ಲೇ ಸ್ಕೂಲ್‌ನವರು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡಿದರು, ಲಸಿಕೆ ಹಾಕುವಲ್ಲೂ ಪ್ರಶ್ನೆ ಬಂತು. ಲಸಿಕೆ ಯಾವುದೂ ನಿಲ್ಲಿಸಬೇಕಾಗಿಲ್ಲ ಅಂತ ಬರೆಸಿಕೊಳ್ಳಲು ಮತ್ತೊಂದು ಸಲ ಬರಬೇಕಾಯಿತು. ನೀವು ಹೋದರೆ ವಾಂತಿ-ಭೇದಿ ಜೊತೆ ಬಂದ ಫಿಟ್ಸ್, ಮೂರ್ಛೆರೋಗ ಅಲ್ಲ, ಔಷಧಿ ಮುಂದುವರಿಸಬೇಕಿಲ್ಲ ಅಂತ ಪೂರ್ತಿ ಬರೆಸಿಕೊಂಡೇ ಮನೆಗೆ ಹೊರಡಿ.